ಕೂಸು ಹುಟ್ಟುವ ಮೊದಲೇ ಕುಲಾವಿ: ಒಕ್ಲಹೋಮ ಸಿಟಿಗೆ ತಂಡ ಬಂದದ್ದು ಹೇಗೆ, ಅದಕ್ಕೆ ಈಗ ತೆರುವುದೆಷ್ಟು

2025ರ ಜೂನ್ 22ರಂದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ಸ್‌ನ ಏಳನೇ ಪಂದ್ಯ ನಡೆಯಿತು. ಒಕ್ಲಹೋಮ ಸಿಟಿ ಥಂಡರ್ 103, ಇಂಡಿಯಾನಾಪೊಲಿಸ್ ನಗರದ ಇಂಡಿಯಾನಾ ಪೇಸರ್ಸ್ 91. ಥಂಡರ್ ಚಾಂಪಿಯನ್ ಆಯಿತು. ಎರಡು ದಿನ ಬಿಟ್ಟು ಊರಿನ ನಡುಭಾಗವಾದ ಡೌನ್‌ಟೌನ್‌ನಲ್ಲಿ ಮೆರವಣಿಗೆ ಹೊರಟಿತು. ನ್ಯೂಯಾರ್ಕ್ ಇಲ್ಲ, ಲಾಸ್ ಏಂಜಲೀಸ್ ಇಲ್ಲ, ಇಂಥ ಸಣ್ಣ ಊರುಗಳ ಫೈನಲ್ಸ್ ಯಾರು ನೋಡ್ತಾರೆ ಅಂತ ಕೆಲವರು ಗೊಣಗಿದ್ದೂ ಆಯಿತು. ನನಗೆ ಮಾತ್ರ ಈ ಎರಡು ಊರುಗಳ ಹೆಸರು ಅಕ್ಕಪಕ್ಕ ಕಂಡಾಗ ಮೊದಲು ನೆನಪಾದದ್ದು ಬಾಸ್ಕೆಟ್‌ಬಾಲ್ ಅಲ್ಲ, ವಿಮಾನ ರಿಪೇರಿ.

1991ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ವಿಮಾನಗಳ ನಿರ್ವಹಣೆಗೆ ದೊಡ್ಡ ಕೇಂದ್ರವೊಂದನ್ನು ಕಟ್ಟಲು ಜಾಗ ಹುಡುಕುತ್ತಿತ್ತು. ಸಾವಿರಾರು ಒಳ್ಳೆ ಸಂಬಳದ ಕೆಲಸಗಳು. ಒಕ್ಲಹೋಮ ಸಿಟಿಗೆ ಆಗ ಇದು ತುಂಬಾ ಬೇಕಾಗಿತ್ತು. 1982ರಲ್ಲಿ ಅಲ್ಲಿನ ಪೆನ್ ಸ್ಕ್ವೇರ್ ಬ್ಯಾಂಕ್ ಮುಳುಗಿತ್ತು, ಎಣ್ಣೆ ಬೆಲೆ ಬಿದ್ದಿತ್ತು, ಇಡೀ ದಶಕ ಊರು ಸೊರಗಿ ಹೋಗಿತ್ತು. ಹಾಗಾಗಿ ಯುನೈಟೆಡ್ ಮುಂದೆ ರಿಯಾಯಿತಿಗಳ ದೊಡ್ಡ ಗಂಟನ್ನೇ ಇಟ್ಟರು. ಆದರೂ ಕಂಪನಿ ಆರಿಸಿಕೊಂಡದ್ದು ಇಂಡಿಯಾನಾಪೊಲಿಸ್ ನಗರವನ್ನು.

ಆಗ ಮೇಯರ್ ಆಗಿದ್ದವರು ರಾನ್ ನಾರಿಕ್. ಯಾಕೆ ಹೀಗಾಯಿತು ಅಂತ ವಿಚಾರಿಸಿದಾಗ ಸಿಕ್ಕ ಉತ್ತರವನ್ನು ಆ ಊರಿನವರು ಇವತ್ತಿಗೂ ಹೇಳಿಕೊಳ್ಳುತ್ತಾರೆ: ಕಂಪನಿಯವರು ಬಂದು ಊರಲ್ಲಿ ಉಳಿದು ನೋಡಿದರಂತೆ, ನಮ್ಮ ನೌಕರರು ಇಲ್ಲಿ ಬಂದು ಬದುಕುವುದನ್ನು ಊಹಿಸಿಕೊಳ್ಳಲೂ ಆಗಲಿಲ್ಲ ಅಂದರಂತೆ. ಸಂಬಂಧ ನೋಡಲು ಬಂದವರು ಕೊಡುವುದು ಕಮ್ಮಿಯಾಯಿತು ಅಂತ ಎದ್ದು ಹೋಗಿದ್ದರೆ ಅದೊಂದು ಮಾತು. ಇವರು ನಿಮ್ಮ ಮನೆಯೇ ಹಿಡಿಸಲಿಲ್ಲ ಅಂದುಬಿಟ್ಟರು. ನಾರಿಕ್ ಇಂಡಿಯಾನಾಪೊಲಿಸ್‌ಗೆ ಹೋಗಿ ತಾವೇ ಅಡ್ಡಾಡಿ ನೋಡಿದರು. ಅಲ್ಲಿನ ಡೌನ್‌ಟೌನ್‌ನಲ್ಲಿ ಜನ ಇದ್ದರು. ಇವರ ಊರಿನ ಡೌನ್‌ಟೌನ್‌ನಲ್ಲಿ ಕಚೇರಿ ಬಿಟ್ಟ ಮೇಲೆ ನರಪಿಳ್ಳೆಯೂ ಇರುತ್ತಿರಲಿಲ್ಲ.

ಕಥೆ ಇಲ್ಲಿಂದ ಶುರುವಾಗುತ್ತದೆ. ಒಕ್ಲಹೋಮ ಸಿಟಿಯನ್ನು ಈಗ ಅಮೆರಿಕದ ಎಷ್ಟೋ ಮಧ್ಯಮ ಗಾತ್ರದ ಊರುಗಳು ಮಾದರಿ ಅಂತ ತೋರಿಸುತ್ತವೆ. ಅರೀನಾ (ಒಳಾಂಗಣ ಕ್ರೀಡಾಂಗಣ) ಕಟ್ಟಿ, ತಂಡ ತನ್ನಿ, ಡೌನ್‌ಟೌನ್ ತಾನಾಗಿ ಚಿಗುರುತ್ತದೆ, ಬೇಕಾದರೆ ಒಕ್ಲಹೋಮ ನೋಡಿ ಅನ್ನುತ್ತಾರೆ. ನನ್ನ ಪ್ರಕಾರ ಈ ಮಾದರಿಯನ್ನು ಅವರು ಉಲ್ಟಾ ಓದಿದ್ದಾರೆ. ಅಲ್ಲಿ ತಂಡ ಬಂದು ಡೌನ್‌ಟೌನ್ ಎದ್ದದ್ದಲ್ಲ. ಡೌನ್‌ಟೌನ್ ಎಬ್ಬಿಸುವ ಕೆಲಸಕ್ಕೆ ಜನ ಒಪ್ಪಿ ಸುಮಾರು ಹದಿನೈದು ವರ್ಷ ಆದಮೇಲೆ ತಂಡ ಬಂತು, ಅದೂ ಒಂದು ಚಂಡಮಾರುತದ ಕಾರಣಕ್ಕೆ, ಮತ್ತು ಇನ್ನೊಂದು ಊರು ತನ್ನ ತಂಡಕ್ಕೆ ದುಡ್ಡು ಕೊಡಲು ಒಪ್ಪದ ಕಾರಣಕ್ಕೆ. ಈ ಹಿಂದು ಮುಂದು ಗೊತ್ತಿಲ್ಲದೆ 2023ರಲ್ಲಿ ಹೊಸ ಅರೀನಾಗೆ ಆ ಊರು ಹಾಕಿದ ಮತವೂ ಅರ್ಥವಾಗುವುದಿಲ್ಲ.

ಮೊದಲು ಡೌನ್‌ಟೌನ್ ಸತ್ತದ್ದು ಹೇಗೆ ಅಂತ ನೋಡಬೇಕು. ಹಾಳಾದದ್ದು ತಾನಾಗಿ ಅಲ್ಲ, ಕೈಯಾರೆ ಹಾಳು ಮಾಡಿದ್ದು. 1964ರಲ್ಲಿ ಹೆಸರಾಂತ ವಾಸ್ತುಶಿಲ್ಪಿ ಐ. ಎಂ. ಪೇ ಅವರಿಂದ ಒಂದು ಯೋಜನೆ ಬರೆಸಿದರು. ಹಳೆಯದನ್ನು ಕೆಡವಿ ಹೊಸ ಊರು ಕಟ್ಟುವ ಯೋಜನೆ ಅದು. ಕೆಡವುವ ಕೆಲಸ ಚೆನ್ನಾಗಿ ಆಯಿತು. ನೂರಾರು ಕಟ್ಟಡಗಳು ಹೋದವು. ಕ್ರೈಟೀರಿಯನ್ ಅನ್ನುವ ಚೆಂದದ ಚಿತ್ರಮಂದಿರ ಹೋಯಿತು, ಬಿಲ್ಟ್‌ಮೋರ್ ಹೋಟೆಲನ್ನು 1977ರಲ್ಲಿ ಮದ್ದಿಟ್ಟು ಉರುಳಿಸಿದರು. ಕಟ್ಟುವ ಭಾಗ ಬರುವಷ್ಟರಲ್ಲಿ ದುಡ್ಡೂ ಇರಲಿಲ್ಲ, ಉತ್ಸಾಹವೂ ಇರಲಿಲ್ಲ. ಪಕ್ಕದಲ್ಲೇ ಡೀಪ್ ಡ್ಯೂಸ್ ಅಂತ ಕಪ್ಪು ಜನರ ಕೇರಿ ಇತ್ತು. ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಬೆಳೆದದ್ದು ಆ ಬೀದಿಗಳಲ್ಲಿ. ಜಾಝ್ ಸಂಗೀತಕ್ಕೆ ಹೆಸರಾಗಿದ್ದ ಆ ಕೇರಿಯ ಬಹುಪಾಲನ್ನು ನಗರ ನವೀಕರಣವೂ ಹೆದ್ದಾರಿಯೂ ಸೇರಿ ನುಂಗಿದವು. ಈಗ ಅಲ್ಲಿ ದುಬಾರಿ ಅಪಾರ್ಟ್‌ಮೆಂಟ್‌ಗಳಿವೆ. ಪುನರುಜ್ಜೀವನದ ಕಥೆ ಹೇಳುವವರು ಸಾಮಾನ್ಯವಾಗಿ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೇನೆ, ಒಪ್ಪಿಕೊಳ್ಳುತ್ತೇನೆ.

1993ರ ಡಿಸೆಂಬರ್‌ನಲ್ಲಿ ನಾರಿಕ್ ಜನರ ಮುಂದೆ ಒಂದು ಯೋಜನೆ ಇಟ್ಟರು. ಅದರ ಹೆಸರು ಮ್ಯಾಪ್ಸ್. ಐದು ವರ್ಷ ಒಂದು ಸೆಂಟ್ ಹೆಚ್ಚುವರಿ ಮಾರಾಟ ತೆರಿಗೆ, ಅಂದರೆ ಡಾಲರಿಗೆ ಒಂದು ಸೆಂಟ್. ಅದರಿಂದ ಒಂಬತ್ತು ಕೆಲಸ. ಹಳೆ ಇಟ್ಟಿಗೆ ಗೋದಾಮುಗಳಿದ್ದ ಬ್ರಿಕ್‌ಟೌನ್‌ನಲ್ಲಿ ಬೇಸ್‌ಬಾಲ್ ಮೈದಾನ, ಅದರ ಪಕ್ಕದಲ್ಲಿ ಕಾಲುವೆ, ಹೊಸ ಗ್ರಂಥಾಲಯ, ಸಂಗೀತ ಸಭಾಂಗಣದ ದುರಸ್ತಿ, ಸಮ್ಮೇಳನ ಕೇಂದ್ರದ ನವೀಕರಣ, ನದಿಗೆ ಒಡ್ಡುಗಳು, ಮತ್ತೆ ಒಂದು ಒಳಾಂಗಣ ಅರೀನಾ, ಹೀಗೆ. ಶೇ. 54ರಷ್ಟು ಜನ ಒಪ್ಪಿದರು. ದೊಡ್ಡ ಗೆಲುವೇನಲ್ಲ.

ಈ ಯೋಜನೆಯ ಜಾಣತನ ಇದ್ದದ್ದು ಅದನ್ನು ಜೋಡಿಸಿದ ರೀತಿಯಲ್ಲಿ. ಒಂಬತ್ತೂ ಕೆಲಸ ಒಂದೇ ಮತಪತ್ರದಲ್ಲಿ. ಗ್ರಂಥಾಲಯ ಬೇಕು, ಅರೀನಾ ಬೇಡ ಅನ್ನುವ ಹಾಗಿಲ್ಲ. ಎಲ್ಲ ತಗೊಳ್ಳಿ ಇಲ್ಲ ಎಲ್ಲ ಬಿಡಿ. ಬೇಸ್‌ಬಾಲ್ ಬೇಕಾದವರು ಸಂಗೀತಕ್ಕೆ ಮತ ಹಾಕಿದರು, ಸಂಗೀತದವರು ಬೇಸ್‌ಬಾಲ್‌ಗೆ ಹಾಕಿದರು. ಎರಡನೆಯದು, ಸಾಲ ಇಲ್ಲ. ತೆರಿಗೆ ಬಂದಷ್ಟು ಕಟ್ಟುವುದು. ಬಡ್ಡಿ ಕಟ್ಟುತ್ತಾ ಮೂವತ್ತು ವರ್ಷ ಒದ್ದಾಡುವ ಗೋಳಿಲ್ಲ. ಖರ್ಚಿನ ಮೇಲೆ ಕಣ್ಣಿಡಲು ನಾಗರಿಕರದ್ದೇ ಒಂದು ಮಂಡಳಿ. ಮೂರನೆಯದು ಯಾರೂ ಅಷ್ಟಾಗಿ ಹೇಳುವುದಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಒಕ್ಲಹೋಮ ಸಿಟಿ ಅಗಲದಲ್ಲಿ ಭಾರಿ ಊರು, ಸುಮಾರು 1,600 ಚದರ ಕಿಲೋಮೀಟರ್. ಸುತ್ತಲಿನ ಹೊಲ ಗದ್ದೆಗಳನ್ನೆಲ್ಲ ಹಿಂದೆಯೇ ಊರಿಗೆ ಸೇರಿಸಿಕೊಂಡಿದ್ದರು. ಬೇರೆ ಕಡೆ ಡೌನ್‌ಟೌನ್ ಬಿಟ್ಟು ಹೊರಗೆ ಹೋದ ಮಧ್ಯಮ ವರ್ಗ ಇನ್ನೊಂದು ಪುರಸಭೆಗೆ ತೆರಿಗೆ ಕಟ್ಟುತ್ತದೆ. ಇಲ್ಲಿ ಊರಿನ ಅಂಚಿನ ಮಾಲ್‌ನಲ್ಲಿ ಟಿವಿ ಕೊಂಡರೂ ಆ ಒಂದು ಸೆಂಟ್ ಡೌನ್‌ಟೌನ್ ಕಾಲುವೆಗೆ ಬೀಳುತ್ತಿತ್ತು. ಈ ಅನುಕೂಲ ಎಲ್ಲ ಊರಿಗೂ ಇಲ್ಲ. ಮಾದರಿ ಅಂತ ನಕಲು ಮಾಡಹೊರಟವರು ಮೊದಲು ತಮ್ಮ ಊರಿನ ಎಲ್ಲೆ ಎಲ್ಲಿ ಮುಗಿಯುತ್ತದೆ ಅಂತ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಒಕ್ಲಹೋಮದ ನಗರಸಭೆಗಳು ದಿನನಿತ್ಯದ ಖರ್ಚಿಗೆ ಆಸ್ತಿ ತೆರಿಗೆ ಬಳಸುವ ಹಾಗಿಲ್ಲ. ಪೊಲೀಸರ ಸಂಬಳದಿಂದ ಹಿಡಿದು ಎಲ್ಲಕ್ಕೂ ಮಾರಾಟ ತೆರಿಗೆಯೇ ದೊಡ್ಡ ಆಧಾರ. ಹಾಗಾಗಿ ಜನ ಊರೊಳಗೆ ಬಂದು ದುಡ್ಡು ಖರ್ಚು ಮಾಡಬೇಕು ಅನ್ನುವುದು ಅಲ್ಲಿನ ಆಡಳಿತಕ್ಕೆ ಬರೀ ಹೆಮ್ಮೆಯ ವಿಷಯವಲ್ಲ, ಹೊಟ್ಟೆಪಾಡು.

1995ರ ಏಪ್ರಿಲ್ 19ರಂದು ಡೌನ್‌ಟೌನ್‌ನ ಸರ್ಕಾರಿ ಕಟ್ಟಡಕ್ಕೆ ಬಾಂಬ್ ಇಟ್ಟರು. 168 ಜನ ಸತ್ತರು, ಅವರಲ್ಲಿ 19 ಮಕ್ಕಳು. ಆ ದುಃಖದಿಂದಲೇ ಊರು ಎದ್ದು ನಿಂತಿತು ಅಂತ ಬರೆಯುವವರಿದ್ದಾರೆ. ಜನರ ಒಗ್ಗಟ್ಟು ನಿಜ. ಆದರೆ ಮ್ಯಾಪ್ಸ್‌ಗೆ ಮತ ಬಿದ್ದದ್ದು ಅದಕ್ಕೂ ಹದಿನಾರು ತಿಂಗಳು ಮೊದಲು.

ಕೆಲಸಗಳು ನಿಧಾನವಾಗಿ ಮುಗಿದವು. 1998ರಲ್ಲಿ ಬೇಸ್‌ಬಾಲ್ ಮೈದಾನ, 1999ರಲ್ಲಿ ಕಾಲುವೆ. ದುಡ್ಡು ಸಾಲದೆ ಬಂದಾಗ ಮತ್ತೆ ಜನರ ಹತ್ತಿರ ಹೋಗಿ ತೆರಿಗೆಯನ್ನು ಆರು ತಿಂಗಳು ವಿಸ್ತರಿಸಿಕೊಂಡರು. ನದಿಯ ಕಥೆ ತಮಾಷೆಯಾಗಿದೆ. ನಾರ್ತ್ ಕೆನೇಡಿಯನ್ ನದಿ ಊರೊಳಗೆ ಎಷ್ಟು ಒಣಗಿರುತ್ತಿತ್ತು ಅಂದರೆ ನದಿಯಲ್ಲಿ ಬೆಳೆದ ಹುಲ್ಲನ್ನು ನಗರಸಭೆಯವರು ಯಂತ್ರ ತಂದು ಕತ್ತರಿಸಬೇಕಿತ್ತು. ಒಡ್ಡು ಕಟ್ಟಿ ನೀರು ನಿಲ್ಲಿಸಿ ಆ ಭಾಗಕ್ಕೆ ಒಕ್ಲಹೋಮ ನದಿ ಅಂತ ಹೊಸ ಹೆಸರಿಟ್ಟರು. ಮುಂದೆ ಅದರ ದಡದಲ್ಲಿ ಕೃತಕ ರಭಸದ ನೀರಿನ ಹಾದಿಯನ್ನೂ ಕಟ್ಟಿದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಕೆನೂ ಸ್ಲಾಲಂ ಸ್ಪರ್ಧೆ ನಡೆಯುವುದು ಅಲ್ಲೇ. ಸಾಫ್ಟ್‌ಬಾಲ್ ಕೂಡ ಇದೇ ಊರಿನಲ್ಲಿ.

ಅರೀನಾ ಬಾಗಿಲು ತೆರೆದದ್ದು 2002ರಲ್ಲಿ. ಖರ್ಚು ಸುಮಾರು 8.9 ಕೋಟಿ ಡಾಲರ್. ಆಗ ಅದರಲ್ಲಿ ಆಡಲು ದೊಡ್ಡ ಲೀಗ್‌ನ ತಂಡವೇ ಇರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ. ಇದನ್ನು ಕಲಿತದ್ದೂ ಇಂಡಿಯಾನಾಪೊಲಿಸ್‌ನಿಂದಲೇ ಅನ್ನಬಹುದು. ಅವರು ಎಂಬತ್ತರ ದಶಕದಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಇಲ್ಲದೆಯೇ ಹೂಸಿಯರ್ ಡೋಮ್ ಕಟ್ಟಲು ಹೊರಟರು, 1984ರ ಮಾರ್ಚ್‌ನ ಒಂದು ರಾತ್ರಿ ಬಾಲ್ಟಿಮೋರ್‌ನ ಕೋಲ್ಟ್ಸ್ ತಂಡ ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಬಂದೇಬಿಟ್ಟಿತು. ಒಕ್ಲಹೋಮ ಸಿಟಿಗೆ ಅಷ್ಟು ಬೇಗ ಅದೃಷ್ಟ ಒಲಿಯಲಿಲ್ಲ. 1997ರಲ್ಲಿ ಐಸ್ ಹಾಕಿ ಲೀಗ್ ನಾಲ್ಕು ಹೊಸ ತಂಡಗಳಿಗೆ ಊರು ಆರಿಸಿದಾಗ ಇವರನ್ನು ಬಿಟ್ಟಿತು. ಅರೀನಾದಲ್ಲಿ ಸಂಗೀತ ಕಾರ್ಯಕ್ರಮಗಳು, ಸಣ್ಣ ಲೀಗ್‌ನ ಹಾಕಿ, ಕಾಲೇಜು ಪಂದ್ಯಗಳು ನಡೆಯುತ್ತಿದ್ದವು. ಊರಿಗೆ ಅದೇನೂ ಕೆಟ್ಟದಾಗಿರಲಿಲ್ಲ ಅನ್ನುವುದನ್ನು ಗಮನಿಸಿ. ಕಟ್ಟಡದ ಸಾಲವೇ ಇಲ್ಲದ ಮೇಲೆ ಖಾಲಿ ದಿನಗಳ ಭಯ ಅಷ್ಟಿರುವುದಿಲ್ಲ.

2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಅಲ್ಲಿನ ಎನ್‌ಬಿಎ ತಂಡ ಹಾರ್ನೆಟ್ಸ್‌ಗೆ ತಕ್ಷಣ ಆಡಲು ಜಾಗ ಬೇಕಿತ್ತು. ಒಕ್ಲಹೋಮ ಸಿಟಿಯಲ್ಲಿ ಅರೀನಾ ಸಿದ್ಧವಾಗಿತ್ತು, ಬಾಡಿಗೆಗೆ ಬೇರೆ ದೊಡ್ಡ ತಂಡ ಇರಲಿಲ್ಲ. ಎರಡು ಸೀಸನ್ ಹಾರ್ನೆಟ್ಸ್ ಅಲ್ಲೇ ಹೆಚ್ಚಿನ ಪಂದ್ಯ ಆಡಿತು. ಕ್ರಿಸ್ ಪಾಲ್ ಆಗ ಹೊಸ ಹುಡುಗ. ಜನ ಮುಗಿಬಿದ್ದರು. ಈ ಊರು ತಂಡವನ್ನು ಸಾಕಬಲ್ಲದು ಅನ್ನುವುದು ಲೀಗ್‌ಗೆ ಗೊತ್ತಾಯಿತು. ಇಂಥ ಪರೀಕ್ಷೆ ಬರೆಯಲು ಬೇರೆ ಯಾವ ಊರಿಗೂ ಅವಕಾಶ ಸಿಕ್ಕಿರಲಿಲ್ಲ, ಸಿಗುವುದೂ ಬೇಡ ಬಿಡಿ, ಅದು ಇನ್ನೊಂದು ಊರಿನ ಸಾವು ನೋವಿನಿಂದ ಬಂದ ಅವಕಾಶ.

ಅಷ್ಟರಲ್ಲಿ ಸಿಯಾಟಲ್‌ನಲ್ಲಿ ಇನ್ನೊಂದು ನಾಟಕ ನಡೆಯುತ್ತಿತ್ತು. ಸ್ಟಾರ್‌ಬಕ್ಸ್‌ನ ಹೋವರ್ಡ್ ಶುಲ್ಟ್ಸ್ ಆಗ ಸೂಪರ್‌ಸಾನಿಕ್ಸ್ ತಂಡದ ಒಡೆಯ. ಹೊಸ ಅರೀನಾಗೆ ಸರ್ಕಾರದ ದುಡ್ಡು ಕೇಳಿದರು, ಸಿಗಲಿಲ್ಲ. 2006ರಲ್ಲಿ ತಂಡವನ್ನು 35 ಕೋಟಿ ಡಾಲರ್‌ಗೆ ಮಾರಿದರು. ಕೊಂಡದ್ದು ಒಕ್ಲಹೋಮ ಸಿಟಿಯ ಕ್ಲೇ ಬೆನೆಟ್ ಮತ್ತು ಅವರ ಜೊತೆಗಾರರು. ಅದೇ ವರ್ಷ ನವೆಂಬರ್‌ನಲ್ಲಿ ಸಿಯಾಟಲ್ ಮತದಾರರು, ಕ್ರೀಡಾ ತಂಡಗಳಿಗೆ ನಗರದ ದುಡ್ಡು ಹಾಕಿದರೆ ಅದಕ್ಕೆ ಲಾಭ ಬರಲೇಬೇಕು ಅನ್ನುವ ಕಾನೂನನ್ನು ಸುಮಾರು ಶೇ. 74 ಮತಗಳಿಂದ ಪಾಸು ಮಾಡಿದರು. 2008ರ ಮಾರ್ಚ್‌ನಲ್ಲಿ ಒಕ್ಲಹೋಮ ಸಿಟಿಯವರು ಅರೀನಾ ದುರಸ್ತಿಗೆ ಇನ್ನೂ ಹದಿನೈದು ತಿಂಗಳು ಒಂದು ಸೆಂಟ್ ಕೊಡಲು ಒಪ್ಪಿದರು. ಎರಡು ಊರು, ಎರಡು ಉತ್ತರ. ಆ ಬೇಸಿಗೆಯಲ್ಲಿ ಸಿಯಾಟಲ್ ನಗರಕ್ಕೆ 4.5 ಕೋಟಿ ಡಾಲರ್ ಕೊಟ್ಟು ಗುತ್ತಿಗೆ ಮುರಿದುಕೊಂಡು, 41 ವರ್ಷ ಅಲ್ಲಿದ್ದ ತಂಡ ಥಂಡರ್ ಅನ್ನುವ ಹೊಸ ಹೆಸರಲ್ಲಿ ಹೊಸ ಊರಿಗೆ ಬಂತು.

ತಂಡ ಕಳೆದುಕೊಂಡ ಸಿಯಾಟಲ್ ಏನಾಯಿತು? ಅಮೆಜಾನ್ ಬೆಳೆಯಿತು, ಡೌನ್‌ಟೌನ್ ಪಕ್ಕದಲ್ಲಿ ಗೋಪುರಗಳು ಎದ್ದವು, ಬಾಡಿಗೆ ಗಗನಕ್ಕೆ ಹೋಯಿತು. ಹಳೆ ಅರೀನಾವನ್ನು ಖಾಸಗಿಯವರೇ ದುಡ್ಡು ಹಾಕಿ ಪೂರಾ ಹೊಸದಾಗಿ ಕಟ್ಟಿದರು, 2021ರಲ್ಲಿ ಅದಕ್ಕೆ ಹಾಕಿ ತಂಡವೂ ಬಂತು. ಬಾಸ್ಕೆಟ್‌ಬಾಲ್ ತಂಡ ಹೋದದ್ದರಿಂದ ಊರಿನ ಆರ್ಥಿಕತೆಗೆ ಕೂದಲೂ ಕೊಂಕಲಿಲ್ಲ. ಅಭಿಮಾನಿಗಳ ಹೊಟ್ಟೆಯುರಿ ಮಾತ್ರ ಇನ್ನೂ ಆರಿಲ್ಲ. ಈ ಎರಡೂ ಒಟ್ಟಿಗೆ ನಿಜ, ಮತ್ತು ಈ ಇಡೀ ಚರ್ಚೆ ನಿಂತಿರುವುದು ಈ ಎರಡರ ನಡುವಿನ ಜಾಗದಲ್ಲಿ.

ಅರ್ಥಶಾಸ್ತ್ರಜ್ಞರು ಬೇರೆ ವಿಷಯಗಳಲ್ಲಿ ಎಷ್ಟೇ ಕಿತ್ತಾಡಲಿ, ಇದರಲ್ಲಿ ಅಪರೂಪಕ್ಕೆ ಒಮ್ಮತ ಇದೆ. ಶಿಕಾಗೋ ವಿಶ್ವವಿದ್ಯಾಲಯದ ಒಂದು ಕೇಂದ್ರ 2017ರಲ್ಲಿ ಹೆಸರಾಂತ ಅರ್ಥಶಾಸ್ತ್ರಜ್ಞರನ್ನು ಕೇಳಿತು: ತಂಡಗಳಿಗೆ ಕ್ರೀಡಾಂಗಣ ಕಟ್ಟಲು ಕೊಡುವ ಸಬ್ಸಿಡಿ, ಸ್ಥಳೀಯ ಲಾಭಕ್ಕಿಂತ ತೆರಿಗೆದಾರರಿಗೆ ಜಾಸ್ತಿ ವೆಚ್ಚವಾಗುತ್ತದೆಯೇ? ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಹೌದು ಅಂದರು. ಕಾರಣ ಸರಳ. ಒಂದು ಕುಟುಂಬ ಪಂದ್ಯಕ್ಕೆ ಇನ್ನೂರು ಡಾಲರ್ ಖರ್ಚು ಮಾಡಿತು ಅಂದುಕೊಳ್ಳಿ. ಪಂದ್ಯ ಇಲ್ಲದಿದ್ದರೆ ಆ ದುಡ್ಡನ್ನು ಅವರು ಸುಟ್ಟುಹಾಕುತ್ತಿರಲಿಲ್ಲ ಅಲ್ವಾ? ಸಿನಿಮಾಗೋ ಹೋಟೆಲಿಗೋ ಹೋಗುತ್ತಿತ್ತು. ಊರಿನ ಉತ್ತರ ಭಾಗದ ಹೋಟೆಲಿನವನ ಗಲ್ಲಾದಿಂದ ದುಡ್ಡು ಡೌನ್‌ಟೌನ್ ಹೋಟೆಲಿನವನ ಗಲ್ಲಾಕ್ಕೆ ಬಂತು, ಅಷ್ಟೇ. ಜೊತೆಗೆ ಟಿಕೆಟ್ಟಿನ ದುಡ್ಡಿನ ದೊಡ್ಡ ಪಾಲು ಆಟಗಾರರ ಸಂಬಳಕ್ಕೆ, ಒಡೆಯರ ಲಾಭಕ್ಕೆ ಹೋಗುತ್ತದೆ. ಆಟಗಾರರು ಸೀಸನ್ ಮುಗಿದ ಮೇಲೆ ಎಲ್ಲಿ ಮನೆ ಕಟ್ಟುತ್ತಾರೋ ಯಾರಿಗೆ ಗೊತ್ತು. ಹೋಟೆಲಿನವನು ಇದೇ ಊರಿನವನು, ಅವನ ದುಡ್ಡು ಇಲ್ಲೇ ತಿರುಗುತ್ತಿತ್ತು.

ಇಲ್ಲಿ ಅರೀನಾ ಪರ ಇರುವವರ ಕಡೆಯಿಂದ ಒಂದು ನ್ಯಾಯವಾದ ಮಾತು ಹೇಳಬೇಕು. ಫುಟ್‌ಬಾಲ್ ಕ್ರೀಡಾಂಗಣಕ್ಕೂ ಒಳಾಂಗಣ ಅರೀನಾಗೂ ವ್ಯತ್ಯಾಸ ಇದೆ. ಫುಟ್‌ಬಾಲ್ ತಂಡ ವರ್ಷಕ್ಕೆ ಹತ್ತು ದಿನ ತವರಿನಲ್ಲಿ ಆಡಿದರೆ ಜಾಸ್ತಿ. ಬಾಸ್ಕೆಟ್‌ಬಾಲ್ ತಂಡಕ್ಕೆ ಬರೀ ಲೀಗ್ ಹಂತದಲ್ಲೇ 41 ತವರು ಪಂದ್ಯ, ಅದರ ಮೇಲೆ ಸಂಗೀತ, ಐಸ್ ಶೋ, ಇನ್ನೊಂದು. ಅರೀನಾ ಡೌನ್‌ಟೌನ್ ನಡುವೆ ಇದ್ದು, ಜನ ಕಾರು ನಿಲ್ಲಿಸಿ ಎರಡು ಬೀದಿ ನಡೆದು ಹೋಗುವ ಹಾಗಿದ್ದರೆ ಅಕ್ಕಪಕ್ಕದ ಅಂಗಡಿಗಳಿಗೆ ನಿಜಕ್ಕೂ ವ್ಯಾಪಾರ ಆಗುತ್ತದೆ. ಹತ್ತು ಸಾವಿರ ಕಾರು ನಿಲ್ಲುವ ಬಯಲಿನ ನಡುವೆ ಕಟ್ಟಿದರೆ ಬೀದಿಗೆ ಏನೂ ಬರುವುದಿಲ್ಲ. ಆದರೆ ಇಷ್ಟಾದರೂ ದುಡ್ಡು ಜಾಗ ಬದಲಿಸುತ್ತದೆ, ಹುಟ್ಟುವುದಿಲ್ಲ. ಜಾಗ ಬದಲಿಸುವುದೇ ಗುರಿಯಾಗಿದ್ದರೆ, ಅಂದರೆ ಅಂಚಿನಿಂದ ನಡುವಿಗೆ ಜೀವ ತರಬೇಕು ಅನ್ನುವುದೇ ಉದ್ದೇಶವಾಗಿದ್ದರೆ, ಅದು ಒಂದು ಗೌರವದ ಗುರಿಯೇ. ಹಾಗಂತ ಹೇಳಿ ಮಾಡಬೇಕು. ಹೂಡಿಕೆ ಅಂತ ಅಲ್ಲ.

ಕುಲಾವಿ ಹೊಲಿಸಿದವರಿಗೆಲ್ಲ ಕೂಸು ಹುಟ್ಟುವುದಿಲ್ಲ ಅನ್ನುವುದಕ್ಕೆ ಕಾನ್ಸಾಸ್ ಸಿಟಿ ಇದೆ. 2007ರಲ್ಲಿ ಡೌನ್‌ಟೌನ್‌ನಲ್ಲಿ ಚೆಂದದ ಅರೀನಾ ಕಟ್ಟಿ ಎನ್‌ಬಿಎ ಅಥವಾ ಹಾಕಿ ತಂಡಕ್ಕೆ ಕಾದರು. ಇವತ್ತಿಗೂ ಬಂದಿಲ್ಲ. ಪಿಟ್ಸ್‌ಬರ್ಗ್‌ನ ಪೆಂಗ್ವಿನ್ಸ್ ತಂಡ ಆ ಖಾಲಿ ಅರೀನಾವನ್ನು ತೋರಿಸಿ, ನಾವು ಅಲ್ಲಿಗೆ ಹೋಗಿಬಿಡ್ತೀವಿ ಅನ್ನುವ ಭಯ ಹುಟ್ಟಿಸಿ ತನ್ನ ಊರಿನಿಂದಲೇ ಹೊಸ ಅರೀನಾ ಗಿಟ್ಟಿಸಿಕೊಂಡಿತು. ತಮಾಷೆ ಅಂದರೆ ಕಾನ್ಸಾಸ್ ಸಿಟಿಯ ಅರೀನಾ ಸಂಗೀತ ಕಾರ್ಯಕ್ರಮಗಳಿಂದಲೇ ಚೆನ್ನಾಗಿ ನಡೆಯುತ್ತಿದೆ. ತಂಡ ಇದ್ದಿದ್ದರೆ ಆ 41 ದಿನಗಳ ಆದಾಯದಲ್ಲಿ ನಗರಕ್ಕೆ ಎಷ್ಟು ಬಿಟ್ಟುಕೊಡುತ್ತಿದ್ದರು ಅನ್ನುವುದು ಬೇರೆ ಪ್ರಶ್ನೆ.

ಈಗ 2023ಕ್ಕೆ ಬರೋಣ. ಒಕ್ಲಹೋಮ ಸಿಟಿಯ ಆಗಿನ ಮೇಯರ್ ಡೇವಿಡ್ ಹೋಲ್ಟ್ ಜನರ ಮುಂದೆ ಹೊಸ ಅರೀನಾದ ಪ್ರಸ್ತಾಪ ಇಟ್ಟರು. ಕನಿಷ್ಠ 90 ಕೋಟಿ ಡಾಲರ್. ಅದರಲ್ಲಿ ತಂಡದ ಒಡೆಯರ ಪಾಲು 5 ಕೋಟಿ. ಮ್ಯಾಪ್ಸ್ ಸರಣಿಯ ನಾಲ್ಕನೆಯದು, 2019ರ ಮ್ಯಾಪ್ಸ್ 4 ಯೋಜನೆಯಿಂದ 7 ಕೋಟಿ. ಉಳಿದದ್ದು 72 ತಿಂಗಳ ಒಂದು ಸೆಂಟ್ ತೆರಿಗೆಯಿಂದ. ಬದಲಿಗೆ ಹೊಸ ಅರೀನಾದಲ್ಲಿ 25 ವರ್ಷ ಇರುತ್ತೇವೆ ಅಂತ ತಂಡದ ಒಪ್ಪಿಗೆ. ಡಿಸೆಂಬರ್ 12ರಂದು ಶೇ. 71 ಜನ ಹೌದು ಅಂದರು. 1993ರ ಆ ಇಕ್ಕಟ್ಟಿನ ಗೆಲುವಿಗೆ ಹೋಲಿಸಿದರೆ ಇದು ಪ್ರವಾಹ.

ಒಡೆಯರ ಪಾಲು ನೂರಕ್ಕೆ ಆರೂ ಇಲ್ಲ. ಅದೇ ಗಾತ್ರದ ಬೇರೆ ಊರುಗಳನ್ನು ನೋಡಿ. ಸ್ಯಾಕ್ರಮೆಂಟೊದಲ್ಲಿ 2016ರಲ್ಲಿ ತೆರೆದ ಅರೀನಾಗೆ ಸುಮಾರು 56 ಕೋಟಿ ಡಾಲರ್ ಆಯಿತು, ನಗರ ಕೊಟ್ಟದ್ದು 25.5 ಕೋಟಿ. ಮಿಲ್ವಾಕಿಯಲ್ಲಿ 2018ರ ಅರೀನಾಗೆ 52 ಕೋಟಿ ಚಿಲ್ಲರೆ, ಸಾರ್ವಜನಿಕ ದುಡ್ಡು 25 ಕೋಟಿ. ಅಲ್ಲೆಲ್ಲ ಹೆಚ್ಚುಕಮ್ಮಿ ಅರ್ಧ ಅರ್ಧ. ಅಲ್ಲೂ ತಂಡ ಹೋಗಿಬಿಡುತ್ತದೆ ಅನ್ನುವ ಬೆದರಿಕೆ ಇತ್ತು. ಹಾಗಿದ್ದರೆ ಒಕ್ಲಹೋಮ ಸಿಟಿ ಯಾಕೆ ಇಷ್ಟು ಮೆತ್ತಗಾಯಿತು?

ನನಗೆ ತೋಚುವ ಉತ್ತರ ಇದು: ತಂಡ ಹೇಗೆ ಕಳೆದುಹೋಗುತ್ತದೆ ಅನ್ನುವುದು ಈ ಊರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಸಿಯಾಟಲ್‌ನ ಮನೆಯಿಂದ ಎತ್ತಿಕೊಂಡು ಬಂದದ್ದು ಇವರೇ. ಅರೀನಾ ಹಳೆಯದಾಯಿತು, ನಗರ ದುಡ್ಡು ಕೊಡಲಿಲ್ಲ, ತಂಡ ಹೊರಟಿತು, ಈ ಮೂರು ಮೆಟ್ಟಿಲು ಇವರಿಗೆ ಬಾಯಿಪಾಠ. ಮೇಲಾಗಿ ಎನ್‌ಬಿಎಯ ಅತಿ ಚಿಕ್ಕ ಮಾರುಕಟ್ಟೆಗಳಲ್ಲಿ ಇದೂ ಒಂದು. ಇವತ್ತು ತಂಡ ಹೋದರೆ ಇನ್ನೊಂದು ಬರುವ ಭರವಸೆ ಸಿಯಾಟಲ್‌ಗೆ ಇರಬಹುದು, ಒಕ್ಲಹೋಮ ಸಿಟಿಗೆ ಇಲ್ಲ. ಚೌಕಾಸಿಯಲ್ಲಿ ಎದ್ದು ಹೋಗಬಲ್ಲವನದ್ದೇ ಮೇಲುಗೈ. ಒಡೆಯರು ಆ ಊರಿನವರೇ, ಅವರು ಬಿಟ್ಟು ಹೋಗುತ್ತಿದ್ದರೇ ಅಂತ ಕೇಳಬಹುದು. ಬಹುಶಃ ಇಲ್ಲ. ಆದರೆ 35 ಕೋಟಿಗೆ ಕೊಂಡ ತಂಡದ ಬೆಲೆ ಈಗ ಹಲವು ಪಟ್ಟು ಏರಿದೆ. 2025ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಮಾರಾಟವಾದದ್ದು ಸುಮಾರು 610 ಕೋಟಿ ಡಾಲರ್ ಲೆಕ್ಕದಲ್ಲಿ. ಇವತ್ತಿನ ಒಡೆಯರು ಊರಿನವರು, ನಾಳೆ ಕೊಳ್ಳುವವರು ಎಲ್ಲಿಯವರೋ.

ಪರವಾಗಿ ಪ್ರಚಾರ ಮಾಡಿದವರು ಉದ್ಯೋಗ, ಹೂಡಿಕೆ, ಆರ್ಥಿಕ ಲಾಭ ಅಂತೆಲ್ಲ ಲೆಕ್ಕ ಕೊಟ್ಟರು. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಅವರ ಬಲವಾದ ವಾದ ಅದಲ್ಲವೇ ಅಲ್ಲ. ಬಲವಾದ ವಾದ ಅಂದರೆ, ಈ ಊರಿನ ಹೆಸರು ಹೇಳಿದರೆ ಮೂವತ್ತು ವರ್ಷ ಹೊರಗಿನವರಿಗೆ ನೆನಪಾಗುತ್ತಿದ್ದದ್ದು ಬಾಂಬ್, ಈಗ ನೆನಪಾಗುವುದು ಥಂಡರ್. ಊರಿನ ಅಪ್ಪ ಮಗಳು, ಶ್ರೀಮಂತ ಬಡವ ಒಂದೇ ವಿಷಯ ಮಾತಾಡುತ್ತಾರೆ. ಅದಕ್ಕೆ ಬೆಲೆ ಇದೆ. ಆ ಬೆಲೆಯನ್ನು ಅಳೆಯಲು ಹೋದ ಅಧ್ಯಯನಗಳಲ್ಲೂ ಸಾಮಾನ್ಯವಾಗಿ ಅದು ಸಬ್ಸಿಡಿಗಿಂತ ಕಡಿಮೆಯೇ ಬಂದಿದೆ, ಸೊನ್ನೆ ಬಂದಿಲ್ಲ. ಮದುವೆಗೆ ಖರ್ಚು ಮಾಡುವವರು ಇದು ಲಾಭದ ಹೂಡಿಕೆ ಅಂತ ಹೇಳುವುದಿಲ್ಲ. ಖುಷಿಗೆ ಮಾಡುತ್ತಿದ್ದೇವೆ ಅನ್ನುತ್ತಾರೆ. ಆಗ ಎಷ್ಟು ಖರ್ಚು ಮಾಡಬಹುದು ಅಂತ ಕೂತು ಮಾತಾಡಬಹುದು. ಹೂಡಿಕೆ ಅಂದುಬಿಟ್ಟರೆ ಆ ಮಾತೇ ನಿಂತುಹೋಗುತ್ತದೆ, ಯಾಕೆಂದರೆ ಹೂಡಿಕೆ ಎಷ್ಟಾದರೂ ವಾಪಸ್ ಬರುತ್ತದಲ್ಲ!

ಮ್ಯಾಪ್ಸ್‌ನ ಮೂಲ ಜಾಣತನಕ್ಕೂ ಇದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. 1993ರಲ್ಲಿ ಅರೀನಾ ಒಂಬತ್ತರಲ್ಲಿ ಒಂದು. 2009ರ ಮ್ಯಾಪ್ಸ್ 3ರಲ್ಲಿ ಹಳೆ ಹೆದ್ದಾರಿ ಸರಿಸಿ ಖಾಲಿಯಾದ ಜಾಗದ ಸುತ್ತ ಸಿಸರ್‌ಟೇಲ್ ಅನ್ನುವ ದೊಡ್ಡ ಉದ್ಯಾನ ಬಂತು, ಬೀದಿ ಟ್ರಾಮ್ ಬಂತು, ಪಾದಚಾರಿ ಹಾದಿಗಳು, ಹಿರಿಯರ ಆರೋಗ್ಯ ಕೇಂದ್ರಗಳು ಬಂದವು. 2019ರ ಮ್ಯಾಪ್ಸ್ 4ರಲ್ಲಿ ಹದಿನಾರು ಕೆಲಸ: ಮಾನಸಿಕ ಆರೋಗ್ಯ, ಮನೆಯಿಲ್ಲದವರಿಗೆ ಮನೆ, ಬಸ್ಸು, ಬೀದಿ ದೀಪ, ಬಡಾವಣೆಯ ಪಾರ್ಕು, ಕೌಟುಂಬಿಕ ದೌರ್ಜನ್ಯಕ್ಕೆ ಸಿಕ್ಕವರಿಗೆ ನ್ಯಾಯ ಕೇಂದ್ರ, ನಾಯಿ ಬೆಕ್ಕುಗಳ ಆಶ್ರಯ ಕೂಡ. ಡೌನ್‌ಟೌನ್‌ನಿಂದ ಶುರುವಾದದ್ದು ಮೂರು ದಶಕದಲ್ಲಿ ಬಡಾವಣೆಗಳಿಗೆ ತಲುಪಿತ್ತು. ಇದೇ ಆ ಊರಿನ ನಿಜವಾದ ಸಾಧನೆ ಅಂತ ನನಗನಿಸುತ್ತದೆ, ಟ್ರೋಫಿಗಿಂತ. 2023ರ ಮತಪತ್ರದಲ್ಲಿ ಇದ್ದದ್ದು ಒಂದೇ ಕೆಲಸ.

ಊರು ಬೆಳೆದದ್ದು ನಿಜ. 1990ರಲ್ಲಿ ನಾಲ್ಕೂವರೆ ಲಕ್ಷ ಮುಟ್ಟದ ಜನಸಂಖ್ಯೆ 2020ರಲ್ಲಿ 6.8 ಲಕ್ಷ ದಾಟಿತ್ತು. ಇದನ್ನೆಲ್ಲ ಒಂದು ಸೆಂಟ್ ತೆರಿಗೆಯ ಲೆಕ್ಕಕ್ಕೆ ಬರೆಯುವುದೂ ತಪ್ಪು. ನಡುವೆ ಅನಿಲದ ವ್ಯಾಪಾರ ಜೋರಾಯಿತು, ಡೆವಾನ್ ಕಂಪನಿ 50 ಅಂತಸ್ತಿನ ಗೋಪುರ ಕಟ್ಟಿತು, ಜಾಗ ಅಗ್ಗ ಇತ್ತು. ಉತ್ಸಾಹ ಎಷ್ಟು ಏರಿದೆ ಅಂದರೆ 1,907 ಅಡಿ ಎತ್ತರದ ಗೋಪುರ ಕಟ್ಟುತ್ತೇವೆ ಅಂದ ಒಬ್ಬ ಡೆವಲಪರ್‌ಗೆ ನಗರಸಭೆ 2024ರಲ್ಲಿ ಎತ್ತರದ ಮಿತಿಯನ್ನೇ ತೆಗೆದುಕೊಟ್ಟಿತು. 1907 ಅಂದರೆ ಒಕ್ಲಹೋಮ ರಾಜ್ಯವಾದ ವರ್ಷ. ಬಯಲು ಸೀಮೆಯಲ್ಲಿ, ಸುಂಟರಗಾಳಿಯ ನಾಡಿನಲ್ಲಿ, ಅಮೆರಿಕದಲ್ಲೇ ಎತ್ತರದ ಕಟ್ಟಡ. ಹೇಳಿಕೊಳ್ಳಲಿ ಬಿಡಿ.

ಅಂದ ಹಾಗೆ, 1991ರಲ್ಲಿ ಇಂಡಿಯಾನಾಪೊಲಿಸ್ ಗೆದ್ದುಕೊಂಡ ಆ ವಿಮಾನ ಕೇಂದ್ರ? ದಿವಾಳಿಯಲ್ಲಿದ್ದ ಯುನೈಟೆಡ್ 2003ರಲ್ಲಿ ಅದನ್ನು ಬಿಟ್ಟು ಹೋಯಿತು. ಸರ್ಕಾರ ಸುರಿದಿದ್ದ ಕೋಟಿಗಟ್ಟಲೆ ಡಾಲರ್‌ಗೆ ಖಾಲಿ ಶೆಡ್ಡುಗಳು ಉಳಿದವು. ಸೋತ ಊರು ಅದೇ ಸೋಲಿನಿಂದ ಕಾಲುವೆ ಕಟ್ಟಿತು, ಗ್ರಂಥಾಲಯ ಕಟ್ಟಿತು. ಒಂದು ಕಂಪನಿಯನ್ನು ಒಲಿಸಲು ದುಡ್ಡು ಸುರಿಯುವುದಕ್ಕಿಂತ ನಮ್ಮ ಜನಕ್ಕೆ ಊರನ್ನು ಚೆಂದ ಮಾಡೋಣ ಅನ್ನುವುದು ನಾರಿಕ್ ಅಲ್ಲಿಂದ ಕಲಿತ ಪಾಠವಾಗಿತ್ತು. ಬಾಸ್ಕೆಟ್‌ಬಾಲ್ ತಂಡವೂ ಒಂದು ಕಂಪನಿಯೇ.

ಹೊಸ ಅರೀನಾ ಏಳುವುದು ಹಳೆ ಸಮ್ಮೇಳನ ಕೇಂದ್ರವಿದ್ದ ಜಾಗದಲ್ಲಿ. ಊರನ್ನು ಕೆಡವುತ್ತಿದ್ದ ಕಾಲದಲ್ಲಿ, 1972ರಲ್ಲಿ, ಡೌನ್‌ಟೌನ್‌ಗೆ ಜೀವ ತುಂಬುತ್ತದೆ ಅಂತ ಕಟ್ಟಿದ್ದ ಕೇಂದ್ರ ಅದು. 2028ರಲ್ಲಿ ಬಾಗಿಲು ತೆರೆಯುವ ಯೋಜನೆ. ಅದೇ ವರ್ಷ ಮ್ಯಾಪ್ಸ್ 4ರ ಎಂಟು ವರ್ಷದ ತೆರಿಗೆ ಮುಗಿಯುತ್ತದೆ, ಮರುದಿನದಿಂದಲೇ ಅರೀನಾದ ಒಂದು ಸೆಂಟ್ ಶುರು. 2034ರವರೆಗೆ ಆ ಸೆಂಟ್‌ನಲ್ಲಿ ಬಸ್ಸಿಗೂ ಬೀದಿ ದೀಪಕ್ಕೂ ಪಾಲಿಲ್ಲ. ಒಕ್ಲಹೋಮ ರಾಜ್ಯ ಸರ್ಕಾರ ದಿನಸಿಯ ಮೇಲಿನ ತನ್ನ ಶೇ. 4.5 ತೆರಿಗೆಯನ್ನು 2024ರ ಆಗಸ್ಟ್‌ನಲ್ಲಿ ತೆಗೆದುಹಾಕಿತು. ಊರಿನ ತೆರಿಗೆ ಹಾಗೇ ಉಳಿದಿದೆ, ಹಾಲು ಬ್ರೆಡ್ಡಿನ ಮೇಲೂ.